ವಾಂತಿಯ ಮಾತ್ರೆ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ಕಾರವಾರ, ಅಂಕೋಲೆಯ ನಮ್ಮ ಮನೆಗಳಲ್ಲಿ ಆಸ್ಪತ್ರೆಯ ಚೀಟಿಯನ್ನೂ ಮಾತ್ರೆಯ ಮೇಲಿನ ಇಂಗ್ಲಿಷನ್ನೂ ಓದಿ ಹೇಳುವವರು ಯಾರು? ಅಜ್ಜಿಗೆ ಉರ್ದು ಮಾತ್ರ ಬರುತ್ತದೆ, ಅಬ್ಬಾ ದುಡಿಮೆಗೆ ಹೋಗಿರುತ್ತಾರೆ. ಒಂಬತ್ತನೆಯ ಇಯತ್ತೆಯ ಹುಡುಗಿಯೇ ಓದಬೇಕು. ನನ್ನ ಖಾಲಾಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಆಮೇಲೆ ಕಿಮೋ ಆದಾಗ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗ ವೈದ್ಯರನ್ನೂ ನರ್ಸ್‌ಗಳನ್ನೂ ಕೇಳಿ ತಿಳಿದದ್ದನ್ನು, ಆಮೇಲೆ ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕಿಮೋಗೆಂದು ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ, ಬೆಂಗಳೂರಿನ ಕಿದ್ವಾಯಿ ಎಂದು ದೂರ ದೂರ ಹೋಗುತ್ತಾರೆ. ತೊಂದರೆ ಇಲ್ಲಿಂದಲೇ ಶುರು. ಕಿಮೋದ ವಾಂತಿ ಎರಡು ಬಗೆಯದು. ಒಂದು ಮೊದಲ 24 ಗಂಟೆಯೊಳಗೆ ಬರುವಂಥದ್ದು. ಇನ್ನೊಂದು ಎರಡನೆಯ ದಿನದಿಂದ ಐದನೆಯ ದಿನದವರೆಗೆ ಕಾಡುವಂಥದ್ದು; ಸಿಸ್‌ಪ್ಲಾಟಿನ್‌ನಂಥ ಔಷಧಿ ಕೊಟ್ಟಾಗ ಇದು ಹೆಚ್ಚು. ಮೊದಲ ದಿನ ಆಸ್ಪತ್ರೆಯ ಇಂಜೆಕ್ಷನ್ನಿನ ಬಲದಲ್ಲಿ ರೋಗಿ ಆರಾಮವಾಗಿರುತ್ತಾರೆ. "ನನಗೇನೂ ಆಗಲಿಲ್ಲ, ಮಾತ್ರೆ ಏಕೆ?" ಎಂದು ಪೊಟ್ಟಣವನ್ನು ಕಪಾಟಿನಲ್ಲಿ ಇಡುತ್ತಾರೆ. ಮೂರನೆಯ ದಿನ ವಾಂತಿ ಹಿಡಿದಾಗ ವೈದ್ಯರು ನೂರಾರು ಮೈಲಿ ದೂರ. ಬಂದ ವಾಂತಿಯನ್ನು ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಮಳೆಗಾಲಕ್ಕೆ ಮುಂಚೆಯೇ ನಾವು ಹಂಚು ಸರಿಮಾಡಿಸುವುದಿಲ್ಲವೇ? ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟ ಹೊತ್ತಿಗೆ, ವಾಂತಿ ಇರಲಿ ಬಿಡಲಿ, ನುಂಗಬೇಕು.

ಪೂರ್ತಿ ಮಾತ್ರೆಗಳನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೊಳ್ಳಿರಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. "ನಾಳೆ ತಂದರಾಯಿತು" ಎನ್ನುವ ಮಾತು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ.

ಇನ್ನು ಮಾತ್ರೆಗಳ ಮಾತು. ಹೆಚ್ಚಾಗಿ ಕೊಡುವುದು ಒಂಡನ್ಸೆಟ್ರಾನ್. ಒಳ್ಳೆಯ ಔಷಧಿ, ಆದರೆ ಮಲಬದ್ಧತೆ, ತಲೆನೋವು ತರುತ್ತದೆ. ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧಿಯೂ ಹೊಟ್ಟೆ ಕಟ್ಟಿಸುವುದರಿಂದ, ಎರಡೂ ಕೂಡಿದರೆ ಎರಡರಷ್ಟು ಕಷ್ಟ. ಮೊದಲೇ ವೈದ್ಯರಿಗೆ ಹೇಳಬೇಕು. ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಸುತ್ತದೆ. ಮೂರನೆಯದು ಒಲಾಂಜಪಿನ್. ಇದು ಮೂಲತಃ ಮಾನಸಿಕ ರೋಗದ ಔಷಧಿ. ಯಾರೋ ಮೊಬೈಲಿನಲ್ಲಿ ಹುಡುಕಿ, "ಇದು ಹುಚ್ಚಿನ ಮಾತ್ರೆ" ಎಂದರೆ ಮನೆಯಲ್ಲಿ ಗದ್ದಲವೇ ಆಗುತ್ತದೆ. ಮಾತ್ರೆ ಕಸಕ್ಕೆ ಹೋಗುತ್ತದೆ. ಕಿಮೋ ವಾಕರಿಕೆಗೆ ಅದು ಬಹಳ ಪರಿಣಾಮಕಾರಿ. ಮಂಪರು ತರುವುದು ನಿಜ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2.5 ಮಿಲಿಗ್ರಾಮಿನ ಪ್ರಮಾಣ 10 ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ ಕೆಲಸ ಮಾಡಿತು, ಹಗಲಿನ ಮಂಪರೂ ಇಳಿಯಿತು. ಮಂಪರು ಜಾಸ್ತಿಯಾದರೆ ವೈದ್ಯರಿಗೆ ಫೋನು ಮಾಡಿ ಪ್ರಮಾಣ ಕೇಳಬೇಕೇ ಹೊರತು ಎಸೆಯಬಾರದು, ನಾವೇ ತುಂಡುಮಾಡಲೂಬಾರದು.

ವಿದ್ಯಾರ್ಥಿಗಳೇ, ಈಗ ಒಂದು ಅಕ್ಷರದ ಪಾಠ. ಗ್ಯಾಸಿನ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಡಿ’ ಇದೆಯೇ ನೋಡಿ: ಪ್ಯಾನ್-ಡಿ, ಒಮೆಜ್-ಡಿ. ಆ ‘ಡಿ’ ಎಂದರೆ ಡೊಂಪೆರಿಡೋನ್, ಅದೂ ವಾಂತಿಯ ಔಷಧಿಯೇ. ಬೆಳಿಗ್ಗೆ ಪ್ಯಾನ್-ಡಿ, ಮಧ್ಯಾಹ್ನ ಅಂಗಡಿಯವರು ಕೊಟ್ಟ ಡೊಂಸ್ಟಾಲ್, ಜೊತೆಗೆ ಒಂಡನ್ಸೆಟ್ರಾನ್. ಡೊಂಪೆರಿಡೋನ್, ಒಂಡನ್ಸೆಟ್ರಾನ್ ಎರಡೂ ಹೃದಯ ಬಡಿತದ ಲಯ ಕೆಡಿಸಬಲ್ಲವು. ಹೃದ್ರೋಗಿಗಳಿಗೆ, ವಾಂತಿಯಿಂದ ಪೊಟ್ಯಾಸಿಯಂ ಕಳೆದುಕೊಂಡವರಿಗೆ ಅಪಾಯ ಇನ್ನೂ ಹೆಚ್ಚು. ಕೆಲವು ಆಂಟಿಬಯಾಟಿಕ್, ಫಂಗಸ್ ಮಾತ್ರೆಗಳು ಸೇರಿದರೂ ಹಾಗೆಯೇ.

ಪೆರಿನಾರ್ಮ್ ಎಂದು ಮಾರುವ ಮೆಟೊಕ್ಲೊಪ್ರಮೈಡ್ ಕೆಲವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಹದಿಹರೆಯದವರಲ್ಲಿ, ಕುತ್ತಿಗೆ ತಿರುಚಿಸುತ್ತದೆ, ಕಣ್ಣು ಮೇಲಕ್ಕೆ ಸೆಳೆಯುತ್ತದೆ. ಅದು ನಜರ್ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಆಸ್ಪತ್ರೆಗೆ ಒಯ್ದರೆ ಒಂದು ಇಂಜೆಕ್ಷನ್ನಿನಲ್ಲಿ ಬೇಗ ಇಳಿಯುತ್ತದೆ. ಒಲಾಂಜಪಿನ್ ನಡೆಯುತ್ತಿರುವಾಗ ಇದನ್ನು ಸೇರಿಸಬಾರದು.

ಶಸ್ತ್ರಚಿಕಿತ್ಸೆಯ ನಂತರದ ವಾಂತಿಯ ಲೆಕ್ಕ ಬೇರೆ. ಅರಿವಳಿಕೆ ವೈದ್ಯರು ನಾಲ್ಕು ಸಂಗತಿ ನೋಡುತ್ತಾರೆ: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಪ್ರಯಾಣದಲ್ಲಿ ಇಲ್ಲವೇ ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿರುವುದು, ಆಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುವುದು. 1999ರಲ್ಲಿ ಪ್ರಕಟವಾದ ಈ ಲೆಕ್ಕದಂತೆ ಒಂದೂ ಇಲ್ಲದವರಲ್ಲಿ 100ಕ್ಕೆ ಸುಮಾರು 10 ಮಂದಿಗೆ, ನಾಲ್ಕೂ ಇದ್ದವರಲ್ಲಿ ಸುಮಾರು 80 ಮಂದಿಗೆ ವಾಂತಿಯಾಗುತ್ತದೆ. ಅರಬೈಲ್ ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡುವವರು ನಮ್ಮಲ್ಲಿ ಎಷ್ಟು ಜನ! ಅದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡಬೇಡಿ. ಮುಂಚಿತವಾಗಿ ಹೇಳಿದರೆ ಅವರು ತಡೆಯುವ ಔಷಧಿ ಮೊದಲೇ ಕೊಡುತ್ತಾರೆ. ಆದರೆ ಕಿಮೋ ಮುಗಿಸಿ ಅದೇ ಘಟ್ಟ ಇಳಿಯುವಾಗ ಕೇಳದೆ ಅವೊಮಿನ್ ನುಂಗಬೇಡಿ. ಬೇರೆ ಮಾತ್ರೆಗಳ ಮಂಪರಿಗೆ ಅದರ ಮಂಪರೂ ಸೇರುತ್ತದೆ.

ಹೊಟ್ಟೆಯ ಆಪರೇಷನ್ನಿನ ನಂತರ ಹೊಟ್ಟೆ ಉಬ್ಬಿ, ಗಾಳಿ ಹೋಗದೆ, ವಾಂತಿ ನಿಲ್ಲದಿದ್ದರೆ ಅದು ಮಾತ್ರೆಯಿಂದ ಅಡಗಿಸುವ ವಾಂತಿಯಲ್ಲ, ಕರುಳು ಕಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾಂತಿಯಲ್ಲಿ ರಕ್ತ ಕಂಡರೆ, ಇಡೀ ದಿನ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಕಿಮೋ ಆದವರಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬಾರದು. 108ಕ್ಕೆ ಕರೆ ಮಾಡಿ.

ರಮಝಾನಿನಲ್ಲಿ ಹೆಂಗಸರು ಕಿಮೋ ನಡೆಯುವಾಗಲೂ ರೋಜಾ ಹಿಡಿಯಲು ಹಟ ಮಾಡುತ್ತಾರೆ. ರೋಗಿಗೆ ರಿಯಾಯಿತಿ ಇದೆ, ಮಾತ್ರೆಯ ಹೊತ್ತು ತಪ್ಪಿಸಬಾರದು ಎಂದು ನಯವಾಗಿ ಹೇಳಿ. ಶುಂಠಿ, ಗಂಜಿ, ಮುರುಗಲಿನ ಪಾನಕ ಹಿತವೆನಿಸಿದರೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೀನು ಹುರಿಯುವ ವಾಸನೆ ಆ ಐದು ದಿನ ಮನೆಯಿಂದ ದೂರವಿರಲಿ.

ಖಾಲಾಗಾಗಿ ನಾನು ಮಾಡಿದ್ದು ನೋಟುಬುಕ್ಕಿನ ಒಂದು ಹಾಳೆ. ಮಾತ್ರೆಯ ಹೆಸರು ಉರ್ದುವಿನಲ್ಲಿ, ಪಕ್ಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಚೌಕ, ಯಾವ ದಿನದವರೆಗೆ ಎಂಬ ತಾರೀಖು. ನುಂಗಿದ ಮೇಲೆ ಗುರುತು. ಮನೆಯಲ್ಲಿದ್ದ ಬಿಪಿ, ಸಕ್ಕರೆ, ಗ್ಯಾಸಿನ ಮಾತ್ರೆಗಳೂ ಅದೇ ಹಾಳೆಯಲ್ಲಿ. ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನೇ ವೈದ್ಯರ ಮುಂದೆ ಇಡುತ್ತಿದ್ದೆವು. ಅದರ ಮಾದರಿಯನ್ನು ಎರಡೂ ಭಾಷೆಯಲ್ಲಿ ಬರೆದು ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.