ಚೀಟಿಯಲ್ಲಿದ್ದ ಎರಡು ಅಕ್ಷರ

(ಕಲಿಕಾ ಕೇಂದ್ರದಲ್ಲಿ ಚಪ್ಪಲಿ ಹೊಲಿಯುವ ಹೆಣ್ಣುಮಕ್ಕಳು ಆಡಿದ ಮಾತು)



ನಾವು ಭಾಷಣ ಮಾಡುವವರಲ್ಲ. ಅಥಣಿ ತಾಲ್ಲೂಕಿನವರು. ಚಪ್ಪಲಿ ಹೊಲಿಯುವವರು. "ನಿಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂತ ಮಾಸ್ತರರು ಹೇಳಿದರು. ನಮಗೆ ಗೊತ್ತಿರೋದು ಅದೊಂದೇ. ಅದನ್ನೇ ಹೇಳ್ತೀವಿ.

ಕೊಲ್ಹಾಪುರಿ ಚಪ್ಪಲಿಯನ್ನು ನೀವೆಲ್ಲ ನೋಡೀರಿ. ಹೆಸರು ಕೊಲ್ಹಾಪುರದ್ದು. ಆದರೆ ಮಾಡುವವರು ಅಲ್ಲಿ ಮಾತ್ರ ಇಲ್ಲ. ಅಥಣಿ, ನಿಪ್ಪಾಣಿ, ಮದಭಾವಿ ಕಡೆಯೂ ಇದ್ದಾರೆ. ೨೦೧೯ರಲ್ಲಿ ಈ ಚಪ್ಪಲಿಗೆ ಜಿ.ಐ. ಗುರುತು ಸಿಕ್ಕಿತು. ಇದು ಈ ಸೀಮೆಯ ಸರಕು ಎಂದು ಕಾನೂನು ಒಪ್ಪುವ ಗುರುತು ಅದು. ಮಹಾರಾಷ್ಟ್ರದ ೪ ಜಿಲ್ಲೆ, ಕರ್ನಾಟಕದ ೪ ಜಿಲ್ಲೆ ಅದರಲ್ಲಿವೆ. ನಮ್ಮ ಕಡೆಯವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ.

ಈ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ. ಚರ್ಮವನ್ನು ಚರ್ಮದಿಂದಲೇ ಹೊಲಿಯಬೇಕು. ಜಾಲಿ ತೊಗಟೆ, ಅಣಲೆಕಾಯಿ ಹಾಕಿ ಹದ ಮಾಡಿದ ಚರ್ಮ ಬರುತ್ತದೆ. ಗಂಡಸರು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾರೆ. ಆಮೇಲಿನದು ಹೆಚ್ಚಾಗಿ ನಮ್ಮ ಕೆಲಸ.

ಸಣ್ಣ ಚರ್ಮದ ಎಳೆಯನ್ನು ಮೊದಲು ನೀರಲ್ಲಿ ನೆನೆಸುತ್ತೇವೆ. ಅದು ಮೆತ್ತಗಾಗುತ್ತದೆ. ಅಟ್ಟೆಗೆ ಆರಿಯಿಂದ ತೂತು ಹಾಕುತ್ತೇವೆ. ತೂತು ಎಳೆಗಿಂತ ಚೂರು ಸಣ್ಣದೇ ಇರಬೇಕು. ದೊಡ್ಡದಾದರೆ ಹೊಲಿಗೆ ಸಡಿಲ. ಎಳೆಯನ್ನು ತೂರಿಸಿ ಜಗ್ಗಬೇಕು. ಒಣಗಿದಾಗ ಅದು ಬಿಗಿ ಹಿಡಿಯುತ್ತದೆ. ಜಗ್ಗೀ ಜಗ್ಗೀ ನಮ್ಮ ಬೆರಳು ನೋಡ್ರಿ, ಹೆಂಗಾಗ್ಯಾವ!

ಹರಳಯ್ಯ ಶರಣರ ಕಥೆ ನಿಮಗೆ ಗೊತ್ತು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮೆಟ್ಟು ಮಾಡಿದರಂತೆ. ಒಂದು ಹರಳಯ್ಯನ ಚರ್ಮದ್ದು, ಒಂದು ಕಲ್ಯಾಣಮ್ಮನ ಚರ್ಮದ್ದು. ಆ ಕಥೆ ಕೇಳಿ ಎಲ್ಲರೂ ಕೈ ಮುಗಿಯುತ್ತಾರೆ. ಅದೇ ಜನ ನಮಗೆ ನೀರು ಕೊಡುವಾಗ ಲೋಟ ಬೇರೆ ಇಟ್ಟದ್ದನ್ನೂ ನಾವು ಕಂಡಿದ್ದೇವೆ. ಇರಲಿ, ಆ ಮಾತು ಇನ್ನೊಂದು ದಿನ ಆಡೋಣ.

ಹೊಲಿಗೆ ಆದ ಮೇಲೆ ಅಲಂಕಾರ. ಉಂಗುಷ್ಟ ಕೂಡಿಸಬೇಕು. ಪಟ್ಟಿಯ ಮೇಲೆ ಹೂವಿನ ತೂತು ಹೊಡೆಯಬೇಕು. ಕೆಲವಕ್ಕೆ ಗೊಂಡೆ ಕಟ್ಟಬೇಕು. ಹೆಣಿಕೆ ಎಲ್ಲಕ್ಕಿಂತ ಕಷ್ಟ. ಆಡಿನ ತೆಳು ಚರ್ಮವನ್ನು ಸಣ್ಣಗೆ ಸೀಳಿ ಜಡೆ ಹೆಣೆದ ಹಾಗೆ ಹೆಣೆಯುತ್ತೇವೆ. ಒಂದು ಎಳೆ ದಪ್ಪ, ಒಂದು ಸಣ್ಣ ಆದರೆ ಜಡೆ ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಹೆಣೆಯಬೇಕು. ಎಡಗಾಲಿನದೂ ಬಲಗಾಲಿನದೂ ಒಂದೇ ಸಮ ಕಾಣಬೇಕು. ಅದಕ್ಕೇ ಹೆಣಿಕೆ ಜೋಡಿಗೆ ಸಾದಾ ಜೋಡಿಗಿಂತ ೧೦ ರೂಪಾಯಿ ಹೆಚ್ಚು ಕೂಲಿ ಅಂತ ನಮ್ಮ ವ್ಯಾಪಾರಿ ಒಪ್ಪಿದ್ದ.

ಪ್ರತಿ ಶನಿವಾರ ಅವನು ಮಾಲು ಒಯ್ಯುತ್ತಿದ್ದ. ಚೀಟಿ ಬರೆದು ಕೊಡುತ್ತಿದ್ದ. ನಾವು ಅವನ ವಹಿಯಲ್ಲಿ ಹೆಬ್ಬೆಟ್ಟು ಒತ್ತಿ, ಚೀಟಿಯನ್ನು ಡಬ್ಬಿಗೆ ಹಾಕುತ್ತಿದ್ದೆವು. ಕೈಗೆ ಬಂದ ದುಡ್ಡು ಸರಿಯೋ ತಪ್ಪೋ ಹೆಂಗ ಗೊತ್ತಾಗಬೇಕು? ಹಬ್ಬಕ್ಕೆ, ದವಾಖಾನೆಗೆ ಅಂತ ಮುಂಗಡ ತಗೊಂಡಿರ್ತಿದ್ವಿ. ಅದರಲ್ಲಿ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದ.

ನಮ್ಮಲ್ಲಿ ಒಬ್ಬಾಕೆ ಮಳೆಗಾಲದಲ್ಲಿ ಈ ಕೇಂದ್ರಕ್ಕೆ ಬರತೊಡಗಿದಳು. ಅಕ್ಷರ ಕಲಿತ ಹೊಸತು ನೋಡ್ರಿ, ಸಾಬೂನಿನ ಕಾಗದ, ಬಸ್ಸಿನ ಬೋರ್ಡು, ಕಂಡದ್ದೆಲ್ಲ ಓದುತ್ತಿದ್ದಳು. ಒಂದು ರಾತ್ರಿ ಓದಲಿಕ್ಕೆ ಏನೂ ಸಿಗದೆ ಚೀಟಿ ತೆಗೆದಳು. "೧೨ ಜೋಡಿ ಸಾ...ದಾ" ಅಂತ ಓದಿದಳು. ಮತ್ತೆ ಓದಿದಳು. ಸಾದಾ ಎಂದೇ ಇತ್ತು. ಆದರೆ ಆ ವಾರ ೧೨ರಲ್ಲಿ ೭ ಜೋಡಿ ಹೆಣಿಕೆಯವು. ಅವಳೇ ಹೆಣೆದದ್ದು.

೭ ಜೋಡಿ, ಜೋಡಿಗೆ ೧೦ ರೂಪಾಯಿ. ೭೦ ರೂಪಾಯಿ ಹೋಯಿತು. ಅದೂ ಒಂದು ವಾರದ್ದು, ಒಬ್ಬಳದು.

ಮರುದಿನ ಎಲ್ಲರೂ ಡಬ್ಬಿ ತಂದೆವು. ಓದಲು ಬರುತ್ತಿದ್ದವಳು ಒಬ್ಬಳೇ. ಆದರೆ ನಾವು ಹೆಣಿಕೆಯ ಕಣ್ಣಿನವರು. ಒಂದು ಸಲ ನೋಡಿದ ನಮೂನೆ ಮರೆಯುವುದಿಲ್ಲ. ಆ ಎರಡು ಅಕ್ಷರ ಹೇಗಿವೆ ಅಂತ ನೋಡಿಕೊಂಡೆವು. "ಇದರಾಗೂ ಅದೇ ಐತಿ," "ನನ್ನದರಾಗೂ ಐತಿ" ಅಂತ ಒಬ್ಬೊಬ್ಬರೇ ತೆಗೆದಿಟ್ಟೆವು. ಹೆಣಿಕೆ ಎಂದು ಬರೆದ ಚೀಟಿ ಒಂದೂ ಇರಲಿಲ್ಲ.

ಶನಿವಾರ ಅವನ ಮುಂದೆ ಚೀಟಿ ಹಿಡಿದೆವು. "ಸಾಹುಕಾರ್ರ, ಇದನ್ನ ಓದಿ ಹೇಳ್ರಿ" ಅಂದೆವು. "೧೨ ಜೋಡಿ" ಅಂದ. "ಅದರ ಮುಂದ ಏನೈತ್ರಿ?" ಅಂದಳು ಆಕೆ. ಅವನು ಅವಳ ಮುಖ ನೋಡಿದ. "ಬರೆಯೋ ಹುಡುಗನ ತಪ್ಪು" ಅಂದ.

ಆ ವಾರದಿಂದ ಚೀಟಿಯಲ್ಲಿ ಸಾದಾ ಬೇರೆ, ಹೆಣಿಕೆ ಬೇರೆ. ಹಳೆಯ ದುಡ್ಡಿನಲ್ಲಿ ಸ್ವಲ್ಪ ಮುಂಗಡಕ್ಕೆ ವಜಾ ಆಯಿತು. ಉಳಿದದ್ದು ಬರಲಿಲ್ಲ. ಓದಿದಾಕೆಗೆ ಎರಡು ತಿಂಗಳು ಕೆಲಸವನ್ನೇ ಕೊಡಲಿಲ್ಲ. ನಾವು ನಮ್ಮ ಪಾಲಿನ ಅಟ್ಟೆಯಲ್ಲಿ ಅವಳಿಗೂ ಕೊಟ್ಟೆವು. ಕೊಡಬಾರದು ಅಂತ ಹೇಳಿ ಕಳಿಸಿದ. ಆದರೂ ಕೊಟ್ಟೆವು.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಇಟಲಿ ದೇಶದ ಮಿಲಾನ್ ಊರಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ಒಂದು ಪ್ರದರ್ಶನ ಮಾಡಿತು. ಅಲ್ಲಿ ತೋರಿಸಿದ ಚಪ್ಪಲಿ ನಮ್ಮ ಕೊಲ್ಹಾಪುರಿಯಂತೆಯೇ ಇತ್ತು. ಹೆಸರು ಮಾತ್ರ ಹೇಳಿರಲಿಲ್ಲ. ನಮ್ಮ ದೇಶದ ಜನ ಗದ್ದಲ ಮಾಡಿದರು. ಆಮೇಲೆ ಕಂಪನಿ, ಇದಕ್ಕೆ ಭಾರತದ ಕೈಕೆಲಸದ ಚಪ್ಪಲಿಯೇ ಮೂಲ ಅಂತ ಒಪ್ಪಿಕೊಂಡಿತು. ಫೋನಿನಲ್ಲಿ ಆ ಚಿತ್ರ ನೋಡಿ ನಮ್ಮ ಅಜ್ಜಿಯೊಬ್ಬರು, "ಹೊಲಿಗಿ ಯಾರದಂತ ಬರೀಲಿಕ್ಕೆ ಎಲ್ಲರಿಗೂ ಕೈ ಸೋಲತೈತಿ" ಅಂದರು.

ಈಗ ನಮ್ಮ ಹತ್ತಿರವೂ ಒಂದು ವಹಿ ಇದೆ. ಯಾರು, ಯಾವ ವಾರ, ಎಷ್ಟು ಸಾದಾ, ಎಷ್ಟು ಹೆಣಿಕೆ, ಎಷ್ಟು ಗೊಂಡೆ, ಎಲ್ಲ ಬರೆಯುತ್ತೇವೆ. ಅಕ್ಷರ ಸೊಟ್ಟ ಇವೆ. ಲೆಕ್ಕ ನೆಟ್ಟಗಿದೆ. ಅವನ ಚೀಟಿ ಬಂದ ಕೂಡಲೇ ನಮ್ಮ ವಹಿಯ ಜೊತೆ ಇಟ್ಟು ನೋಡುತ್ತೇವೆ. ಆಮೇಲೆ ಸಹಿ.

ಆರಿ, ನೆನೆಸಿದ ಎಳೆ, ಅರ್ಧ ಹೊಲಿದ ಒಂದು ಅಟ್ಟೆ ತಂದಿದ್ದೇವೆ. ವಹಿಯನ್ನೂ ತಂದಿದ್ದೇವೆ. ಹತ್ತಿರ ಬರ್ರಿ, ತೋರಿಸ್ತೀವಿ.