ಬಳ್ಳಿಸಾಲಿನ ಕೆಂಪು

ಇಟಲಿಯ ಪೀಡ್ಮಾಂಟ್ ಪ್ರಾಂತದ ಲಾಂಗೆ ಗುಡ್ಡಗಳ ದ್ರಾಕ್ಷಿತೋಟಗಳು 2014ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಾನು ಅಲ್ಲಿಗೆ ಹೋದದ್ದು ಒಂದು ನವೆಂಬರಿನಲ್ಲಿ. ನಮ್ಮ ವಿಜಯಪುರದಲ್ಲಿ ಅಕ್ಟೋಬರಿನ ಚಾಟನಿ ಮುಗಿದು ಬಳ್ಳಿ ಚಿಗುರುವ ಹೊತ್ತಿಗೆ ಅಲ್ಲಿಯ ಬಳ್ಳಿ ಎಲೆಯುದುರಿಸಿ ನಿದ್ರೆಗೆ ಅಣಿಯಾಗುತ್ತದೆ. ಕೊಯ್ಲು ಮುಗಿದಿತ್ತು, ಕಣಿವೆಯಲ್ಲಿ ಮಂಜು ತುಂಬಿತ್ತು.

ಕೇಳುಗರೇ, ಅಮೂರ್ತ ಛಾಯಾಚಿತ್ರವೆಂದರೆ ವಸ್ತುವಿನ ಹೆಸರನ್ನು ಮರೆಸಿ ಗೆರೆ, ಬಣ್ಣಗಳನ್ನಷ್ಟೇ ಉಳಿಸುವ ಯತ್ನ. ಕ್ಯಾಮರಾದ ಕಣ್ಣನ್ನು ಅರ್ಧ ಸೆಕೆಂಡು ತೆರೆದಿಟ್ಟು, ಅದನ್ನು ಸಾಲಿನ ಗುಂಟ ಮೆಲ್ಲಗೆ ಸರಿಸಿದೆ. ಎಲೆ, ಕಂಬ, ತಂತಿಗಳೆಲ್ಲ ಕರಗಿ, ಹಳದಿಯ ನಡುವೆ ಕಡುಗೆಂಪಿನ ಒಂದು ಪಟ್ಟೆ ನಿಂತಿತು. ಹಿಗ್ಗಿನಿಂದ ಅದನ್ನು ತೋಟದ ಮುದುಕನಿಗೆ ತೋರಿಸಿದೆ.

ಆತ ಮಾತಾಡದೆ ಆ ಸಾಲಿಗೆ ನಡೆದು ಒಂದೆಲೆ ಕಿತ್ತು ತಂದ. ಅಂಚು ಕೆಳಮುಖವಾಗಿ ಸುರುಳಿಗೊಂಡಿತ್ತು; ನರಗಳು ಮಾತ್ರ ಹಸಿರು. "ಇದು ಋತುವಿನ ಬಣ್ಣವಲ್ಲ, ರೋಗ" ಎಂದ. ಎಲೆಸುರುಳಿಯ ವೈರಸ್ಸಿಗೆ ತೋಟದಲ್ಲಿ ಮದ್ದಿಲ್ಲ. ಹಿಟ್ಟುತಿಗಣೆ ಅದನ್ನು ನೆರೆಬಳ್ಳಿಗೂ ಒಯ್ಯುತ್ತದೆ. ತಂದೆ ನೆಟ್ಟ ಆ ಬಳ್ಳಿಗಳನ್ನು ಆತ ಕೀಳಲೇಬೇಕಿತ್ತು.

ಆ ಚಿತ್ರ ಇಂದಿಗೂ ನನ್ನ ಗೋಡೆಯ ಮೇಲಿದೆ. ನೋಡಿದವರು ಬಣ್ಣವನ್ನು ಹೊಗಳುತ್ತಾರೆ. ಆಗೆಲ್ಲ ನಾನು ಮೊದಲು ಮುದುಕನ ಕಥೆಯನ್ನು ಹೇಳುತ್ತೇನೆ.