ಗ್ರಹಣದ ಫಲಕ ಮತ್ತು ಭಕ್ತಿ

1919ರ ಮೇ 29. ಆಫ್ರಿಕದ ಪಶ್ಚಿಮ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪದಲ್ಲಿ ಬೆಳಗ್ಗೆ ಜೋರು ಮಳೆ. ಖಗ್ರಾಸ ಸೂರ್ಯಗ್ರಹಣಕ್ಕೆ ಕಾದಿದ್ದ ಬ್ರಿಟಿಷ್ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್, ಮೋಡದ ಮರೆಯಲ್ಲೇ ಒಂದರ ಹಿಂದೊಂದು ಗಾಜಿನ ಫಲಕ ಬದಲಿಸುತ್ತ 16 ಚಿತ್ರ ತೆಗೆದರು. ನಕ್ಷತ್ರಗಳು ಮೂಡಿದ್ದು ಕೊನೆಯ ಕೆಲವು ಚಿತ್ರಗಳಲ್ಲಿ ಮಾತ್ರ.

ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ನಿಜವಾದರೆ, ಸೂರ್ಯನ ಅಂಚು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್ ಸೆಕೆಂಡಿನಷ್ಟು ಬಾಗಬೇಕು. ನ್ಯೂಟನ್ನನ ನಿಯಮದಂತೆ ಅದರ ಅರ್ಧ. 1.75ರಷ್ಟು ಬಾಗದಿದ್ದರೆ ಹೊಸ ಸಿದ್ಧಾಂತ ಬಿದ್ದಂತೆಯೇ. ಹೀಗೆ ಸೋಲಲು ಸಿದ್ಧವಾಗಿ ನಿಲ್ಲುವುದರಿಂದಲೇ ವಿಜ್ಞಾನದ ಅರಿವಿಗೆ ಗಟ್ಟಿತನ. ಅಂದಿನ ಅಳತೆಗಳ ಬಗ್ಗೆಯೂ ತಕರಾರು ಎದ್ದವು. ಮುಂದಿನ ಗ್ರಹಣಗಳಲ್ಲಿ ಮತ್ತೆ ಅಳೆದರು.

ಇದೇ ಎಡಿಂಗ್ಟನ್ ಕ್ವೇಕರ್ ಪಂಥದ ದೈವಭಕ್ತರು. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ನನ್ನ ಧರ್ಮ ಒಪ್ಪದು ಎಂದು ನಿಂತವರು. ಗ್ರಹಣದ ಕೆಲಸ ಮುಂದುವರಿಸಬೇಕೆಂಬ ಷರತ್ತಿನ ಮೇಲೆ ಅವರಿಗೆ ಸೈನ್ಯದಿಂದ ವಿನಾಯಿತಿ ಸಿಕ್ಕಿತ್ತು. ಆ ನಂಬಿಕೆಯನ್ನು ಯಾವ ಫಲಕದ ಮೇಲಿಟ್ಟು ಅಳೆಯೋಣ? ಅಂದು ಮೋಡ ಸರಿಯದೇ ಹೋಗಿದ್ದರೂ ಅವರ ಭಕ್ತಿಗೆ ಕುಂದು ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಹಾಗಾಗಿ, ವಿಜ್ಞಾನ, ಭಕ್ತಿ ಎರಡೂ ನಂಬಿಕೆಯೇ ತಾನೆ ಎನ್ನುವ ಮಾತನ್ನು ನಾನು ಒಪ್ಪಲಾರೆ. ದೇವರನ್ನು ಭೌತಶಾಸ್ತ್ರದ ಸೂತ್ರದಿಂದ ಸಾಧಿಸಹೊರಡುವವರು ಭಕ್ತಿಯನ್ನೇ ಸಣ್ಣದು ಮಾಡುತ್ತಾರೆ. ಆದರೆ ಈ ತಾಯಿತ ಕಟ್ಟಿದರೆ ಕಾಯಿಲೆ ವಾಸಿ ಎಂದು ಯಾರಾದರೂ ಹೇಳಿದರೆ, ಅದು ಅಳತೆಗೆ ಸಿಗುವ ಮಾತು. ಎಷ್ಟು ಜನಕ್ಕೆ ವಾಸಿಯಾಯಿತು, ಎಷ್ಟು ಜನಕ್ಕೆ ಆಗಲಿಲ್ಲ, ಎರಡರ ಲೆಕ್ಕವನ್ನೂ ಕೇಳಬೇಕು.